1.8 ಮೀಟರ್, 15 ಸೆಕೆಂಡ್, 14 ನಾಟ್: ಶನಿವಾರ ಮೊರ್ಜಿಂನಲ್ಲಿ ಇಳೀಬೇಕಾ, ಬೇಡ್ವಾ?

ಹನ್ನೆರಡು_ಮೀಟರ್
ಗೋವಾದಲ್ಲಿರೋ ಕೈಟ್ ಮಂದಿಗೆ, ಅಂದ್ರೆ ದೊಡ್ಡ ಗಾಳಿಪಟ ಕಟ್ಕೊಂಡು ಬೋರ್ಡ್ ಮೇಲೆ ಕಡಲಿಗೆ ಇಳಿಯೋರಿಗೆ, ಒಂದು ಪ್ರಶ್ನೆ. ಮೊರ್ಜಿಂ ಬೀಚಿಗೆ ಶನಿವಾರದ ಮುನ್ಸೂಚನೆ ಹೀಗಿದೆ: ಅಲೆ 1.8 ಮೀಟರ್, ಅವಧಿ (ಒಂದು ಅಲೆಯಿಂದ ಮುಂದಿನದಕ್ಕೆ) 15 ಸೆಕೆಂಡ್, ದಕ್ಷಿಣ-ನೈಋತ್ಯದಿಂದ. ಗಾಳಿ ಮಧ್ಯಾಹ್ನ 2ರ ನಂತರ ವಾಯವ್ಯದಿಂದ 12–14 ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ.), ಗಸ್ಟ್, ಅಂದ್ರೆ ಆಗಾಗ ರಭಸದಿಂದ ಬೀಸೋದು, 17. ಉಬ್ಬರ ಬೆಳಗ್ಗೆ 11:30ರ ಸುಮಾರಿಗೆ, ಮರುದಿನ ಹುಣ್ಣಿಮೆ.

ನನ್ನ ತೂಕ 75 ಕೆ.ಜಿ. ಕೈಟ್ 12 ಮೀಟರ್ (ಬಟ್ಟೆಯ ವಿಸ್ತೀರ್ಣ, ಚದರ ಮೀಟರ್ ಲೆಕ್ಕದಲ್ಲಿ). ಎರಡೂ ದಿಕ್ಕಿಗೆ ಓಡೋ ಟ್ವಿನ್‌ಟಿಪ್ ಬೋರ್ಡ್ ಇದೆ, ಕಾಲು ಸಿಕ್ಕಿಸೋ ಸ್ಟ್ರಾಪ್ ಇಲ್ಲದ ಸರ್ಫ್‌ಬೋರ್ಡೂ ಇದೆ. ಅಪ್‌ವಿಂಡ್ (ಗಾಳಿ ಬರೋ ಕಡೆಗೆ ಸಾಗೋದು) ಬರುತ್ತೆ, ನೀರಿಗೆ ಬಿದ್ದ ಕೈಟ್ ಎಬ್ಬಿಸೋಕೆ ಬರುತ್ತೆ, 1 ಮೀಟರ್ ಅಲೆವರೆಗೂ ಅಭ್ಯಾಸ ಇದೆ. ಗಾಳಿ ಹೇಗೂ ಕಮ್ಮಿ, ಹಾಗಾಗಿ ಅಪಾಯನೂ ಕಮ್ಮಿ ಅನ್ನೋದು ನನ್ನ ಲೆಕ್ಕ. 1 ಮೀಟರ್‌ಗೂ 1.8ಕ್ಕೂ ಅಂಥಾ ವ್ಯತ್ಯಾಸ ಏನಿರುತ್ತೆ?

ಪಂಪ್_ಹೊಡಿ
ಬೇಡ.

ಗಾಳಿಗೆ_ತೂರಿ
ಯಾಕ್ ಬೇಡ ಗುರು? 75 ಕೆ.ಜಿ.ಗೆ 14 ನಾಟ್‌ನಲ್ಲಿ 12 ಮೀಟರ್ ಅಂದ್ರೆ ಅಳತೆ ತಗೊಂಡು ಹೊಲಿಸಿದ ಹಾಗೆ. ಪೋರ್ಚುಗಲ್‌ನ ನಜಾರೆಯಲ್ಲಿ 26 ಮೀಟರ್ ಅಲೆ ಮೇಲೆ ಕೈಟ್ ಹಾರಿಸ್ತಾರೆ. ನಾವು 1.8ಕ್ಕೆ ಬೀಚಿನ ಗುಡಿಸಲು ಹೋಟೆಲ್ ಶಾಕ್‌ನಲ್ಲಿ ಕೂತ್ಕೊಂಡು ಫೆನಿ ಕುಡಿಯೋದಾ?

ತೆರೆ_ಎಣಿಸುವವ
@ಗಾಳಿಗೆ_ತೂರಿ ಆ 26.21 ಮೀಟರ್ ದಾಖಲೆ 2020ರ ಅಕ್ಟೋಬರ್ 29ರದ್ದು, ಸೆಬಾಸ್ಟಿಯನ್ ಸ್ಟಾಯ್ಟ್ನರ್ ಹೆಸರಲ್ಲಿದೆ. ಅದು ಕೈಟ್ ಅಲ್ಲ, ಜೆಟ್‌ಸ್ಕಿ ಎಳೆದು ಬಿಟ್ಟ ಸರ್ಫ್‌ಬೋರ್ಡ್. ಅಲ್ಲಿ ಒಬ್ಬ ಅಲೆ ಹತ್ತಿದರೆ ಎತ್ತಿಕೊಳ್ಳೋಕೆ ಒಂದು ಜೆಟ್‌ಸ್ಕಿ, ಅದಕ್ಕೆ ಏನಾದರೂ ಆದರೆ ಅಂತ ಇನ್ನೊಂದು, ಗುಡ್ಡದ ಮೇಲೆ ವಾಕಿಟಾಕಿ ಹಿಡಿದು ಅಲೆ ನೋಡಿ ಹೇಳೋಕೆ ಒಬ್ಬ. ಮೊರ್ಜಿಂನಲ್ಲಿ ನಮಗಿರೋದು ಕೈಯಲ್ಲಿ ಹಿಡಿಯೋ ಒಂದು ಬಾರ್, ಅದರಿಂದ ಕೈಟ್‌ಗೆ ಹೋಗೋ ನಾಲ್ಕು ಲೈನ್ (ದಾರ).

ಮೂಲ ಪ್ರಶ್ನೆಗೆ: ನೀವು ಎತ್ತರ ನೋಡ್ತಿದ್ದೀರಿ. ನೋಡಬೇಕಾದದ್ದು ಆ 15 ಸೆಕೆಂಡ್.

ಲೆಕ್ಕದ_ಮೇಷ್ಟ್ರು
ಅದನ್ನೇ ಅಂಕಿಯಲ್ಲಿ ಹೇಳ್ತೇನೆ.

ಆಳದ ನೀರಿನಲ್ಲಿ ಅಲೆಯ ಉದ್ದ ಅಂದರೆ ಅವಧಿಯ ವರ್ಗ ಗುಣಿಸು 1.56. ನಮ್ಮ ಮಧ್ಯಾಹ್ನದ ಗಾಳಿ ಎಬ್ಬಿಸುವ 7 ಸೆಕೆಂಡಿನ ಅಲೆ ಸುಮಾರು 76 ಮೀಟರ್ ಉದ್ದ. 15 ಸೆಕೆಂಡಿನದು 351 ಮೀಟರ್. ಆಳ ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದ ಕೂಡಲೇ ಅದಕ್ಕೆ ತಳ ತಾಗಲು ಶುರು. ಚಿಕ್ಕದು 38 ಮೀಟರ್ ಆಳದಲ್ಲಿ ತಳ ಕಂಡರೆ, ದೊಡ್ಡದು 175 ಮೀಟರ್ ಆಳದಿಂದಲೇ ಶಕ್ತಿ ಒಟ್ಟು ಮಾಡಿಕೊಂಡು ಬರುತ್ತದೆ. ದಡಕ್ಕೆ ಬಂದು ಒಡೆಯುವಾಗ 1.8 ಮೀಟರಿನ 7 ಸೆಕೆಂಡ್ ಅಲೆ ಎದ್ದು ನಿಲ್ಲುವುದು ಸುಮಾರು 2.1 ಮೀಟರ್. ಅದೇ 1.8 ಮೀಟರ್ 15 ಸೆಕೆಂಡಿನದಾದರೆ 2.9.

ಇನ್ನೊಂದು. ಮುನ್ಸೂಚನೆಯ 1.8 ಅನ್ನುವುದು ಗರಿಷ್ಠ ಅಲ್ಲ. ಬಂದ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ಎರಡು ಗಂಟೆ ನೀರಿನಲ್ಲಿದ್ದರೆ ನಿಮ್ಮ ಕೆಳಗೆ 480 ಅಲೆ ಹಾದು ಹೋಗುತ್ತವೆ. ಅದರಲ್ಲಿ ಒಂದಾದರೂ 1.7 ಪಟ್ಟು ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಅಂದರೆ ಒಡೆಯುವ ಮೊದಲೇ 3 ಮೀಟರ್ ದಾಟಿದ್ದು. ಶಕ್ತಿ ಎತ್ತರದ ವರ್ಗಕ್ಕೆ ಹೋಗುವುದರಿಂದ 1 ಮೀಟರ್‌ಗೂ 1.8ಕ್ಕೂ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. "ಅಂಥಾ ವ್ಯತ್ಯಾಸ" ಇಷ್ಟು.

ಗಾಳಿಗೆ_ತೂರಿ
ಮೇಷ್ಟ್ರೇ, ಪರೀಕ್ಷೆಗೆ ಬರುತ್ತಾ ಇದು?

ಲೆಕ್ಕದ_ಮೇಷ್ಟ್ರು
ಶನಿವಾರ ಮಧ್ಯಾಹ್ನ 2ಕ್ಕೆ. ಪ್ರಾಯೋಗಿಕ.

ಮಲ್ಪೆ_ಬದಿಯವ
ಈ ಉದ್ದ ಅವಧಿಯ ಅಲೆಗೆ ಕನ್ನಡದಲ್ಲಿ ಎಂತ ಹೇಳುದು ಮಾರಾಯ್ರೆ? ಸ್ವೆಲ್ ಸ್ವೆಲ್ ಅಂತಲೇ ಬರೀತಿದ್ದೇವೆ. ಗಾಳಿ ಇಲ್ಲದೆ ದೂರದಿಂದ ಬರುವ ದೊಡ್ಡ ತೆರೆಗೆ ಹೆದ್ದೆರೆ ಅಂದ್ರೆ ಆಗುದಿಲ್ವಾ?

ತೆರೆ_ಎಣಿಸುವವ
ಹೆದ್ದೆರೆ ಚೆನ್ನಾಗಿದೆ. ಕೇರಳದವರು ಕಳ್ಳಕ್ಕಡಲ್ ಅಂತಾರೆ, ಕಳ್ಳನ ಹಾಗೆ ಬರೋ ಕಡಲು. 2012ರಲ್ಲಿ ಯುನೆಸ್ಕೋ ಕೂಡ ಆ ಪದವನ್ನೇ ಒಪ್ಪಿಕೊಂಡಿತು. ಹೆಸರು ಸುಮ್ಮನೆ ಬಂದದ್ದಲ್ಲ: ಏಪ್ರಿಲ್–ಮೇನಲ್ಲಿ ದಕ್ಷಿಣ ಸಾಗರದಲ್ಲಿ, 40 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿ ಬಿರುಗಾಳಿ ಎದ್ದರೆ ಅಲ್ಲಿಂದ ಗೋವಾಕ್ಕೆ ಸುಮಾರು 6,000 ಕಿ.ಮೀ. 15 ಸೆಕೆಂಡಿನ ಹೆದ್ದೆರೆಯ ಗುಂಪು ಗಂಟೆಗೆ 42 ಕಿ.ಮೀ. ಲೆಕ್ಕದಲ್ಲಿ ಆರು ದಿನ ನಡೆದು ಬರುತ್ತೆ. ಇಲ್ಲಿ ಆಕಾಶ ಶುಭ್ರ, ತೆಂಗಿನ ಗರಿ ಅಲುಗಲ್ಲ, ನೀರು ಮಾತ್ರ ಶಾಕ್‌ನ ಕುರ್ಚಿವರೆಗೂ ಬಂದಿರುತ್ತೆ. 2017ರ ಡಿಸೆಂಬರ್‌ನಲ್ಲಿ ಓಖಿ ಚಂಡಮಾರುತ ನೂರಾರು ಕಿ.ಮೀ. ದೂರದಲ್ಲಿ ಹಾದು ಹೋಗುವಾಗಲೂ ಇಲ್ಲಿ ಹಾಗೇ ಆಯ್ತು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕರಾವಳಿಗೆ ಅಂತಲೇ ಹೆದ್ದೆರೆ ಎಚ್ಚರಿಕೆ ಹೊರಡಿಸುತ್ತೆ. ಗಾಳಿಯ ಆ್ಯಪ್ ನೋಡೋ ಮೊದಲು ಅದನ್ನು ನೋಡಿ.

ಹನ್ನೆರಡು_ಮೀಟರ್
ಸರಿ, ಅಲೆ ದೊಡ್ಡದು ಅಂತ ಒಪ್ಪಿದೆ. ಆದರೆ ಗಾಳಿ 14 ನಾಟ್ ಅಷ್ಟೇ ಅಲ್ವಾ? 25 ನಾಟ್‌ನಲ್ಲಿ ಇದೇ ಅಲೆ ಇದ್ದಿದ್ರೆ ನಾನೇ ಬೇಡ ಅಂತಿದ್ದೆ.

ತೆರೆ_ಎಣಿಸುವವ
ಇಲ್ಲೇ ಎಲ್ಲರೂ ಎಡವೋದು. ದೊಡ್ಡ ಅಲೆಯಲ್ಲಿ ಕಡಿಮೆ ಗಾಳಿ ನಿಮ್ಮ ಪರ ಅಲ್ಲ, ವಿರುದ್ಧ.

ಕೈಟ್ ಮೇಲಿರೋದು ಲೈನ್ ಬಿಗಿ ಇರೋವರೆಗೆ. ಒಡೆಯೋ ಅಲೆ ದಡದ ಕಡೆ ಸೆಕೆಂಡಿಗೆ 6 ಮೀಟರ್ ಓಡುತ್ತೆ, ಅಂದರೆ ಹತ್ತಿರ ಹತ್ತಿರ 12 ನಾಟ್. ಅದು ನಿಮ್ಮನ್ನು ಹೊತ್ತುಕೊಂಡು ಕೈಟ್ ಇರೋ ಕಡೆಗೇ ತಳ್ಳಿದರೆ 14ರಲ್ಲಿ 12 ಕಳೆದು ಕೈಟ್‌ಗೆ ಉಳಿಯೋದು 2 ನಾಟ್. ಲೈನ್ ಸಡಿಲ, ಕೈಟ್ ಮುಂದಕ್ಕೆ ಮುಗ್ಗರಿಸಿ ಬಟ್ಟೆಯ ಹಾಗೆ ಬೀಳುತ್ತೆ. 20 ನಾಟ್ ಇದ್ದರೆ ಇನ್ನೂ 8 ಉಳೀತಿತ್ತು, ಮೂರು ಸ್ಟ್ರಟ್‌ನ (ಬಟ್ಟೆಗೆ ಆಕಾರ ಕೊಡೋ ಗಾಳಿ ತುಂಬಿದ ಅಡ್ಡ ಕೊಳವೆ) ಹಗುರ 9 ಮೀಟರ್ ಕೈಟ್ ಹಿಂದಕ್ಕೆ ತೇಲಿಕೊಂಡಾದರೂ ಹೋಗ್ತಿತ್ತು.

ಇದಕ್ಕೆ ಸೇರಿಸಿ: ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಬೋರ್ಡಿನ ಮಟ್ಟದಲ್ಲಿ ಗಾಳಿ ತೀರಾ ಕಮ್ಮಿ. ತಲೆ ಮೇಲೆ ಕೈಟ್ ಆರಾಮಾಗಿದೆ ಅನಿಸುತ್ತೆ. ಅದೇ ಹೊತ್ತಿಗೆ ಅದನ್ನು ಕೆಳಗೆ ತಂದರೆ ಅಲ್ಲೇ ಕೂರುತ್ತೆ.

ಲೆಕ್ಕದ_ಮೇಷ್ಟ್ರು
ಒಂದು ತಿದ್ದುಪಡಿ. 14ರಲ್ಲಿ 12 ಕಳೆಯುವ ಲೆಕ್ಕ ಗಾಳಿಯೂ ಅಲೆಯೂ ಒಂದೇ ದಿಕ್ಕಿಗೆ ಹೋಗುವಾಗ ಮಾತ್ರ. ಮೊರ್ಜಿಂ ಪಶ್ಚಿಮಕ್ಕೆ ಮುಖ ಮಾಡಿದೆ. ಅಲೆ ದಡ ಮುಟ್ಟುವಾಗ ಬಾಗಿ ಬಹುತೇಕ ನೇರ ಪೂರ್ವಕ್ಕೆ ಬರುತ್ತದೆ, ಗಾಳಿ ವಾಯವ್ಯದಿಂದ ಆಗ್ನೇಯಕ್ಕೆ. ನಡುವೆ 45 ಡಿಗ್ರಿ. ಅಲೆಯ ಜೊತೆ ನೇರ ದಡಕ್ಕೆ ಬಂದರೆ ಕೈಟ್‌ಗೆ ಉಳಿಯುವುದು ಸುಮಾರು 10 ನಾಟ್. ಆದರೆ ಅದರ ದಿಕ್ಕು ಬದಲಾಗಿ ಹೆಚ್ಚುಕಡಿಮೆ ಉತ್ತರದಿಂದ ಬಂದ ಹಾಗಿರುತ್ತದೆ. ಕೈಟ್ ಇಟ್ಟ ಜಾಗ ಸರಿ ಇತ್ತು, ಗಾಳಿಯೇ ಜಾಗ ಬಿಟ್ಟಿತು ಅನ್ನುವ ಪರಿಸ್ಥಿತಿ.

ತೆರೆ_ಎಣಿಸುವವ
ಒಪ್ಪಿದೆ, ಅದು ನೇರ ಆನ್‌ಶೋರ್, ಅಂದರೆ ಕಡಲಿಂದ ನೇರ ದಡಕ್ಕೆ ಬೀಸೋ ಗಾಳಿಯ ಲೆಕ್ಕ. ಆದರೂ 10 ನಾಟ್‌ಗೆ 12 ಮೀಟರ್ ಕೈಟ್ ಏದುಸಿರು ಬಿಡುತ್ತೆ. ಅಲೆ ಮೇಲಿಂದ ಬಲಕ್ಕೆ, ಅಂದರೆ ಗಾಳಿ ಹೋಗೋ ಕಡೆಗೆ ತಿರುಗಿದಿರೋ, ಅದೂ ಹೋಯ್ತು.

ಗಾಳಿಗೆ_ತೂರಿ
ಹಂಗಾದ್ರೆ ಕೈಟ್ ಬಿತ್ತು ಅಂತಲೇ ಇಟ್ಕೊಳ್ಳಿ. ಎಬ್ಬಿಸಿದ್ರಾಯ್ತು. ರಿಲಾಂಚ್ ಬರುತ್ತೆ ಅಂತ ಪಾಪ ಅವರೇ ಬರೆದಿದ್ದಾರೆ.

ಪಂಪ್_ಹೊಡಿ
15 ಸೆಕೆಂಡ್.

ಗಾಳಿಗೆ_ತೂರಿ
ಏನು 15 ಸೆಕೆಂಡ್?

ಪಂಪ್_ಹೊಡಿ
ಮುಂದಿನ ಅಲೆ ಬರೋಕೆ. ನೆಟ್ಟಗಿನ ಗಾಳಿಯಲ್ಲಿ, ಸಪಾಟು ನೀರಲ್ಲಿ, ಒಂದು ಸ್ಟೀರಿಂಗ್ ಲೈನ್ ಎಳೆದು ಕೈಟ್ ಅಂಚಿಗೆ ಹೋಗಿ ಎದ್ದು ನಿಲ್ಲೋಕೆ 10ರಿಂದ 20 ಸೆಕೆಂಡ್. 12 ನಾಟ್‌ನಲ್ಲಿ, ನೊರೆಯಲ್ಲಿ, ಮೂತಿ ಕೆಳಗಾಗಿ ಬಿದ್ದ 12 ಮೀಟರ್‌ಗೆ ಎಷ್ಟಾಗುತ್ತೆ? ಎಳೆಯೋಕೆ ಲೈನ್ ಬಿಗಿ ಬೇಕು, ನೊರೆ ನಿಮ್ಮನ್ನ ಕೈಟ್ ಕಡೆ ನೂಕ್ತಾ ಇರುತ್ತೆ, ಬಿಗಿ ಎಲ್ಲಿಂದ ಬರಬೇಕು?

ಆಮೇಲೆ ಅಲೆ ಕೈಟ್ ಮೇಲೇ ಒಡೆಯುತ್ತೆ. ಬಟ್ಟೆ ಬೊಗಸೆ ಹಾಗೆ ನೀರು ತುಂಬ್ಕೊಳ್ಳುತ್ತೆ. ಒಂದು ಘನ ಮೀಟರ್ ನೀರು ಅಂದ್ರೆ ಒಂದು ಟನ್. ಲೈನ್ ಒಂದೊಂದು 300–500 ಕೆ.ಜಿ. ತಡೆಯುತ್ತೆ. ಮೊದಲು ಸ್ಟ್ರಟ್ ಹತ್ತಿರ ಹೊಲಿಗೆ ಬಿಚ್ಚುತ್ತೆ, ಆಮೇಲೆ ಬಟ್ಟೆ, ಆಮೇಲೆ ಲೈನ್. ಅಷ್ಟರಲ್ಲಿ ನೀವು ಎಲ್ಲಿದ್ದೀರಿ ಅನ್ನೋದೇ ಪ್ರಶ್ನೆ.

ವಾಸ್ಕೋ_ಧಾರವಾಡ
ಎಲ್ಲಾರೂ ಅಲೆ ಲೆಕ್ಕಾ ಹಾಕಾಕತ್ತೀರಿ, ಯಾರೂ ಕೈಟ್ ಮೈಯಿಂದ ಬಿಡಿಸೂ ಕ್ವಿಕ್ ರಿಲೀಸ್ ಬಗ್ಗೆ ಮಾತಾಡವಲ್ರಿ. ಮೊರ್ಜಿಂ ಉಸುಕು ಬಾಳ ಸಣ್ಣದು. ಬಾರ್ ಉಸುಕಿನ ಮ್ಯಾಲೆ ಇಟ್ರ ರಿಲೀಸ್‌ನ ಕೊಳವಿ ಒಳಗ ಹೋಗಿ ಕುಂದರ್ತದ, ಉಪ್ಪು ಒಣಗಿ ಅದನ್ನ ಸಿಮೆಂಟ್ ಮಾಡ್ತದ. ಕೈಯಾಗ ಹಿಡಿದು ನೂಕಿದಾಗ ಸರಳ ಬಿಚ್ಚತದ, ಖರೇ. ಆದ್ರ ಸೊಂಟದ ಪಟ್ಟಿ ಹಾರ್ನೆಸ್ ಮ್ಯಾಲೆ ಪೂರಾ ಭಾರ ಬಿದ್ದಾಗ ಬಿಚ್ಚಬೇಕಲ್ಲ? ರಿಲೀಸ್‌ಗೆ ಐಎಸ್‌ಒ 21853 ಅಂತ ಒಂದು ಮಾನಕ 2020ರಾಗ ಬಂದದ. ಅದಕ್ಕಿಂತ ಹಳೇ ಬಾರ್ ಇದ್ರ ಇನ್ನೂ ಹುಷಾರಾಗಿರ್ರಿ.

ಮಾಡೋದು ಇಷ್ಟ: ಹಾರ್ನೆಸ್ ಕೊಕ್ಕೆಗೆ ಬಾರ್ ಕೆಳಗಿನ ಕುಣಿಕಿ ಚಿಕನ್ ಲೂಪ್ ಹಾಕ್ರಿ, ಗೆಳೆಯಾಗ ಲೈನ್ ಹಿಡಿದು ಜಗ್ಗಾಕ ಹೇಳ್ರಿ, ಮೈಭಾರ ಪೂರಾ ಹಿಂದಕ್ಕ ಬಿಡ್ರಿ, ಒಂದ ಕೈಲೆ ರಿಲೀಸ್ ನೂಕ್ರಿ. ಬಲಗೈಲೆ ಒಮ್ಮೆ, ಎಡಗೈಲೆ ಒಮ್ಮೆ. ಬಿಚ್ಚಲಿಲ್ಲಂದ್ರ ಸಿಹಿನೀರಾಗ ಅಲುಗಾಡ್ಸಿ ತೊಳೀರಿ. ಎಣ್ಣಿ ಹಚ್ಚಬ್ಯಾಡ್ರಿ, ಉಸುಕು ಇನ್ನೂ ಅಂಟತದ. ಆಮ್ಯಾಲೂ ನಿಮ್ಮನ್ನ ಕೈಟ್‌ಗೆ ಹಿಡಿದಿಡೂ ಹಗ್ಗ ಸೇಫ್ಟಿ ಲೀಶ್ ತುದಿಗೂ ಒಂದು ರಿಲೀಸ್ ಅದ, ಅದನ್ನೂ ಹಿಂಗ ನೋಡ್ರಿ. ಅದನ್ನ ಯಾರೂ ನೋಡೂದಿಲ್ಲ.

ಹನ್ನೆರಡು_ಮೀಟರ್
ಆ ಎರಡನೇ ರಿಲೀಸ್ ಯಾವಾಗ ಎಳೀಬೇಕು ಅನ್ನೋದೇ ನಂಗೆ ಗೊಂದಲ. ಮೊದಲನೇದು ಬಿಟ್ಟ ಮೇಲೆ ಕೈಟ್ ಒಂದೇ ಲೈನ್ ಮೇಲೆ ಸತ್ತು ಬಿದ್ದಿರುತ್ತಲ್ಲ?

ಪಂಪ್_ಹೊಡಿ
ಗಾಳಿಗೆ ಸತ್ತಿರುತ್ತೆ, ಅಲೆಗೆ ಸತ್ತಿರಲ್ಲ. ನೊರೆ ಅದನ್ನ ಎಳ್ಕೊಂಡು ಹೋದಾಗ ನೀವು ಲೀಶ್‌ಗೆ ಕಟ್ಟಿದ ಮೂಟೆ. ಒಡೆಯೋ ಗೆರೆಯ ಒಳಗೆ ಇದ್ದೀರಿ, ಎಳೆತ ನಿಲ್ತಿಲ್ಲ, ತಲೆ ನೀರಿನೊಳಗೆ ಹೋಗ್ತಿದೆ ಅಂದ್ರೆ ಎರಡನೇದನ್ನೂ ಬಿಡಿ. ಕೈಟ್ ದಡಕ್ಕೆ ಹೋಗುತ್ತೆ, ಹರಿದಿದ್ರೆ ಹರಿದಿರುತ್ತೆ. ಬಿಡೋ ಮೊದಲು ಅದರ ದಾರಿಯಲ್ಲಿ ಈಜೋರು ಇಲ್ಲ ಅಂತ ನೋಡಿ, ನೋಡೋಕೆ ಪುರಸೊತ್ತಿದ್ರೆ.

ತೆರೆ_ಎಣಿಸುವವ
ಇದನ್ನು ಬಿಡಿಸಿ ಹೇಳಬೇಕು. ಯಾಕಂದ್ರೆ ಶಾಲೆಗಳಲ್ಲಿ ಕಲಿಸೋ ಸ್ವಯಂ-ರಕ್ಷಣೆ ಒಡೆಯೋ ಗೆರೆಯ ಆಚೆಗಿನದು. ಒಳಗೆ ಅದು ನಡೆಯಲ್ಲ.

ಆಚೆ ಇದ್ದರೆ, ಅಂದರೆ ಅಲೆ ಏರಿಳಿಸುತ್ತೆ ಆದರೆ ಒಡೆಯಲ್ಲ: ರಿಲೀಸ್ ಬಿಡಿ, ಕೈಟ್ ಮಲಗಲಿ. ಸೇಫ್ಟಿ ಲೈನ್ ಹಿಡಿದು ಕೈ ಮೇಲೆ ಕೈ ಇಟ್ಟು ಬಾರ್ ಹತ್ತಿರ ಬನ್ನಿ. ಮೊದಲು ಸೇಫ್ಟಿ ಲೈನ್ ಒಂದನ್ನೇ ಬಾರ್‌ಗೆ ಏಳೆಂಟು ಮೀಟರ್ ಸುತ್ತಿ ಗಂಟು ಹಾಕಿ. ಆಗ ಅದು ಉಳಿದವಕ್ಕಿಂತ ಗಿಡ್ಡ ಆಗುತ್ತೆ, ಕೈಟ್ ಮತ್ತೆ ಗಾಳಿ ಹಿಡಿಯಲ್ಲ. ಇದನ್ನು ಬಿಟ್ಟು ನಾಲ್ಕೂ ಲೈನ್ ಒಟ್ಟಿಗೆ ಸುತ್ತೋಕೆ ಹೋದವರ ಕೈಯಲ್ಲೇ ಕೈಟ್ ಎದ್ದು ನಿಲ್ಲುತ್ತೆ. ಆಮೇಲೆ ಎಲ್ಲ ಸುತ್ತುತ್ತಾ ಕೈಟ್‌ವರೆಗೆ ಹೋಗಿ, ಬಾರ್ ಭದ್ರ ಮಾಡಿ, ಮುಂಗೊಳವೆ (ಕೈಟ್‌ನ ಮುಂದಿನ ಗಾಳಿ ತುಂಬಿದ ದಪ್ಪ ಕೊಳವೆ) ಮೇಲೆ ಒರಗಿ, ಎರಡು ತುದಿ ಹಿಡಿದು ಹಾಯಿ ಮಾಡಿಕೊಳ್ಳಿ. ಬೆರಳಿಗೆ, ಮುಂಗೈಗೆ ಲೈನ್ ಸುತ್ತಬಾರದು. ಗಾಳಿ ತೆಗೆಯಬಾರದು, ಅದೇ ನಿಮ್ಮ ದೋಣಿ, ಹುಡುಕೋರಿಗೆ ಕಾಣೋದೂ ಅದೇ.

ಒಳಗೆ ಇದ್ದರೆ: ಸುತ್ತೋ ಕೆಲಸವೇ ಇಲ್ಲ. ಅರ್ಧ ಸುತ್ತಿದ ಲೈನ್ ಮೇಲೆ 3 ಮೀಟರ್ ನೊರೆ ಬಂದು ಬಿದ್ದರೆ ಸುರುಳಿ ಬಿಚ್ಚಿ ಮೊಣಕಾಲಿಗೆ ಕೂರುತ್ತೆ. ಹಾರ್ನೆಸ್ ಮೇಲೆ ಲೈನ್ ಕತ್ತರಿಸೋ ಹುಕ್ ನೈಫ್ ಇರೋದು ಅದಕ್ಕೆ. ಎರಡೂ ಕೈಗೆ ಎಟುಕೋ ಜಾಗದಲ್ಲಿರಲಿ, ಬೆನ್ನ ಹಿಂದಿನ ಜೇಬಿನಲ್ಲಿ ಅಲ್ಲ. ಒಳಗೆ ಕೆಲಸ ಮೂರೇ: ಬಿಡು, ಲೈನ್‌ನಿಂದ ದೂರ ಸರಿ, ನೊರೆ ಜೊತೆ ದಡಕ್ಕೆ ಬಾ.

ಮಲ್ಪೆ_ಬದಿಯವ
ಬೋರ್ಡಿಗೆ ಲೀಶ್ ಹಾಕ್ಬೇಕಾ? ಸರ್ಫಿಂಗ್ ಮಾಡುವವರು ಹಾಕ್ತಾರಲ್ಲ, ನಮ್ಮ ಸಸಿಹಿತ್ಲುವಿನಲ್ಲೆಲ್ಲ ಲೀಶ್ ಇಲ್ಲದೆ ನೀರಿಗೇ ಬಿಡುದಿಲ್ಲ.

ಪಂಪ್_ಹೊಡಿ
ಕೈಟ್‌ನಲ್ಲಿ ಬೇಡ. ಕೈಟ್ ನಿಮ್ಮನ್ನ ಮುಂದಕ್ಕೆ ಎಳೆಯುತ್ತೆ, ಲೀಶ್ ರಬ್ಬರ್ ಬ್ಯಾಂಡ್ ಹಾಗೆ ಹಿಗ್ಗಿ ಬೋರ್ಡನ್ನ ಹಿಂದಿಂದ ತಲೆಗೆ ತರುತ್ತೆ. ಬೋರ್ಡ್ ಹೋದ್ರೆ ಹೋಗ್ಲಿ, ಇಲ್ಲಿ ಗಾಳಿ ಅಲೆ ಎರಡೂ ಅದನ್ನ ದಡಕ್ಕೇ ತರುತ್ತೆ. ಹೆಲ್ಮೆಟ್ ಮತ್ತೆ ಇಂಪ್ಯಾಕ್ಟ್ ವೆಸ್ಟ್ ಹಾಕಿ. ವೆಸ್ಟ್ ಲೈಫ್ ಜಾಕೆಟ್ ಅಲ್ಲ, ತೇಲಿಸೋದು ಅಷ್ಟಕ್ಕಷ್ಟೇ. ಅದಿರೋದು ಪಕ್ಕೆಲುಬಿಗೆ.

ಗಾಳಿಗೆ_ತೂರಿ
ಇಷ್ಟೆಲ್ಲ ಕೇಳಿದ್ರೆ ಯಾರೂ ಮನೆಯಿಂದ ಆಚೆ ಬರಲ್ಲ. ಮಾರಿಷಸ್‌ನ ಲೆ ಮೋರ್ನ್‌ನಲ್ಲಿ ಒನ್ ಐ ಅಂತ ಜಾಗ ಇದೆ, ಅಲ್ಲಿ ಇದಕ್ಕಿಂತ ದೊಡ್ಡ ಅಲೆಯಲ್ಲಿ ದಿನಾ ಮಾಡ್ತಾರೆ. ಅವರಿಗೇನು ಎರಡು ಪ್ರಾಣ ಇದೆಯಾ?

ತೆರೆ_ಎಣಿಸುವವ
ಲೆ ಮೋರ್ನ್‌ನಲ್ಲಿ ಅಲೆ ಹವಳದ ದಿಬ್ಬದ ಮೇಲೆ ಒಂದೇ ಜಾಗದಲ್ಲಿ ಒಡೆಯುತ್ತೆ. ಪಕ್ಕದ ಆಳದ ಕಾಲುವೆಯಲ್ಲಿ ಹೋಗಿ ಬರಬಹುದು, ಒಳಗೆ ಶಾಂತ ನೀರಿನ ಲಗೂನ್ ಇದೆ. ಹಾಗಂತ ಸುಲಭ ಅಲ್ಲ, ಕೆಳಗೆ ಹವಳ. ಆದರೆ ಎಲ್ಲಿ ಒಡೆಯುತ್ತೆ ಅಂತ ಗೊತ್ತು. ಮೊರ್ಜಿಂದು ಮರಳಿನ ತಳ, ಅದರ ದಿಬ್ಬ ವಾರ ವಾರ ಜಾಗ ಬದಲಿಸುತ್ತೆ. 2.9 ಮೀಟರ್ ಅಲೆ 3.7 ಮೀಟರ್ ಆಳದಲ್ಲೇ ಒಡೆಯೋಕೆ ಶುರು ಮಾಡಿದರೆ ದಡದವರೆಗೂ ಮೂರ್ನಾಲ್ಕು ಸಾಲು ನೊರೆ. ಕಾಲುವೆ ಇದ್ದರೆ ಅದು ರಿಪ್ (ದಡದಿಂದ ಹೊರಗೆ ಹರಿಯೋ ಸೆಳೆತ) ಮಾಡಿಕೊಂಡದ್ದು: ಗಾಢ ಬಣ್ಣ, ಅಲೆ ಒಡೆಯಲ್ಲ, ನೊರೆಯ ಚೂರುಗಳು ಹೊರಗೆ ಹೋಗ್ತಿರುತ್ತವೆ. ಹೊರಗೆ ಹೋಗೋಕೆ ಅದು ಬಿಟ್ಟಿ ಲಿಫ್ಟ್. ಬೋರ್ಡ್ ಕಳಕೊಂಡು ವಾಪಸ್ ಬರೋನಿಗೆ ಅದೇ ಕುತ್ತು.

ಹೊರಗೆ ಹೋಗೋದು ಹೇಗೆ ಅಂತಲೂ ಹೇಳಿಬಿಡ್ತೇನೆ. ಇಲ್ಲಿ ಗಾಳಿ ಬಲದಿಂದ. ತಲೆ ಮೇಲೆ 12 ಅಂದುಕೊಂಡರೆ ಕೈಟ್ ಗಡಿಯಾರದ 1ರಿಂದ 1:30ರ ನಡುವೆ. 12ಕ್ಕೆ ಇಟ್ಟರೆ ನೊರೆ ಹಿಂದಕ್ಕೆ ನೂಕಿದಾಗ ಲೈನ್ ಸಡಿಲ, 2ಕ್ಕಿಂತ ಕೆಳಗಿಟ್ಟರೆ ಏಳೋ ಅಲೆಯ ತುದಿಗೇ ಕೈಟ್ ತಾಗೋ ಭಯ. ನೊರೆ ಹತ್ತಿರ ಬಂದಾಗ ವೇಗ ಪೂರ್ತಿ ಕಳೆಯಬೇಡಿ, ಮುಂಗಾಲು ಹಗುರ ಮಾಡಿ ಮೂತಿ ಎತ್ತಿ, ಮೊಣಕಾಲು ಎದೆಗೆ ಬರೋ ಹಾಗೆ ಮಡಚಿ, ನೊರೆ ಕೆಳಗೆ ಹಾದ ಕೂಡಲೇ ಬಾರ್ ಒಳಗೆಳೆದು ಬೋರ್ಡಿನ ಅಂಚು ನೀರಿಗೆ ಕಚ್ಚಿಸಿ. ಮೊಣಕಾಲು ಮಟ್ಟದ ನೊರೆಗೆ ಇದು ಸಾಕು. ಸೊಂಟದ ಮಟ್ಟಕ್ಕೆ ಸಣ್ಣ ಹಾರು. ಎದೆಮಟ್ಟದ ಗೋಡೆ ಬರ್ತಿದ್ದರೆ ತಿರುಗಿ ದಡದ ಕಡೆ ಓಡಿ, ಅದು ಪುಡಿಯಾಗಲಿ, ಮತ್ತೆ ಪ್ರಯತ್ನಿಸಿ. ಮೂರು ಸಲ ತಿರುಗಬೇಕಾಯ್ತು ಅಂದರೆ ಅವತ್ತಿನ ಉತ್ತರ ಸಿಕ್ಕಿತು ಅಂತ.

ವಾಪಸ್ ಬರೋವಾಗ ಯಾವತ್ತೂ ಅಲೆಯ ಬೆನ್ನ ಮೇಲೆ ಬನ್ನಿ, ಮುಂದೆ ಅಲ್ಲ. ಒಂದು ಸೆಟ್ಟಿನ, ಅಂದರೆ ಸಾಲಾಗಿ ಬರೋ ದೊಡ್ಡ ಅಲೆಗಳ ಗುಂಪಿನ, ಕೊನೇ ಅಲೆ ಹಿಡಿದು ಅದರ ಹಿಂದೆಯೇ.

ಹನ್ನೆರಡು_ಮೀಟರ್
ಕೊನೇ ಅಲೆ ಅಂತ ಹೇಗೆ ಗೊತ್ತಾಗುತ್ತೆ?

ತೆರೆ_ಎಣಿಸುವವ
ಕೈಟ್‌ಗೆ ಗಾಳಿ ತುಂಬೋ ಮೊದಲು ದಡದಲ್ಲಿ ಅರ್ಧ ಗಂಟೆ ಕೂತು ಎಣಿಸಿದ್ರೆ. ಸೆಟ್ಟಿಗೆ ಎಷ್ಟು, ನಡುವೆ ಎಷ್ಟು ನಿಮಿಷ ತಣ್ಣಗಿರುತ್ತೆ, ಅತಿ ದೊಡ್ಡದು ಎಲ್ಲಿ ಒಡೀತು. ಹತ್ತು ನಿಮಿಷ ನೋಡಿದರೆ ಸಾಲದು, 15 ಸೆಕೆಂಡಿನ ಅಲೆಗಳ ನಡುವಿನ ಬಿಡುವು ಅದಕ್ಕಿಂತ ಉದ್ದ ಇರಬಹುದು. ಬಿಡುವಿನಲ್ಲಿ ಬಂದವರಿಗೆ ಕಡಲು ಕೊಳದ ಹಾಗೆ ಕಾಣುತ್ತೆ, ಇಳೀತಾರೆ.

ವಾಸ್ಕೋ_ಧಾರವಾಡ
ದಡದ್ದೂ ಹೇಳ್ರಿ. 24 ಮೀಟರ್ ಲೈನ್ ಹಾಸಾಕ ಜಾಗಾ ಎಲ್ಲೈತಿ? ಇಂಥಾ ದಿನ ನೀರು ಉಸುಕಿನ ಮ್ಯಾಲೆ ಬಾಳ ದೂರ ಏರತದ, ಹಾಸಿದ ಲೈನ್ ಕಸಗೊಂಡು ಹೋಗಿ ಹುರಿ ಹುರಿ ಮಾಡಿ ತಂದು ಒಗೀತದ. ಹಿಂದ ಶಾಕ್, ಕಂಬ, ಛತ್ರಿ. ಲಾಂಚ್ ಮಾಡುವಾಗ ಗಾಳಿ ಹೋಗೂ ಕಡೆ 50 ಮೀಟರ್ ಖಾಲಿ ಇರಲಿಲ್ಲಂದ್ರ ಬ್ಯಾಡ. ದಕ್ಷಿಣದ ತುದಿ ತೆಂಬ್ ಕಡೆ ಅಂತೂ ಆಮೆ ಮೊಟ್ಟಿ ಇಡೂ ಜಾಗಾ, ಅರಣ್ಯ ಇಲಾಖೆ ಬೇಲಿ ಹಾಕಿರ್ತದ, ಅಲ್ಲಿ ಲೈನ್ ಹಾಸೂ ಹಂಗಿಲ್ಲ.

ಪಂಪ್_ಹೊಡಿ
ದಕ್ಷಿಣದ ತುದಿ ಅಂದಿದ್ದಕ್ಕೆ: ಮುಖ್ಯ ವಿಷಯ ಇನ್ನೂ ಯಾರೂ ಹೇಳಿಲ್ಲ. ವಾಯವ್ಯ ಗಾಳಿ ನಿಮ್ಮನ್ನ ಎಲ್ಲಿಗೆ ಒಯ್ಯುತ್ತೆ? ಶಾಪೋರಾ ನದಿ ಬಾಯಿಗೆ. ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಲ್ಲಿ ಬೆಳಗ್ಗೆ 11–12ಕ್ಕೆ ಮುಗಿಯುತ್ತೆ. ಅಂದ್ರೆ ಗಾಳಿ ಏಳೋ 2ರಿಂದ 5ರವರೆಗೂ ಇಳಿತ, ಅದೂ ತಿಂಗಳಲ್ಲೇ ಜೋರಿನ ಇಳಿತ. ನದಿ ಪೂರ್ತಿ ಹೊರಗೆ ಹರೀತಿರುತ್ತೆ, ಎದುರಿಂದ ಹೆದ್ದೆರೆ. ಎರಡೂ ಡಿಕ್ಕಿ ಹೊಡೆದ ಕಡೆ ಅಲೆ ಕಡಿದಾಗಿ ನಿಂತು ದಿಕ್ಕೆಟ್ಟು ಒಡೆಯುತ್ತೆ. ಅದನ್ನ ದಾಟಿದ್ರೆ ಶಾಪೋರಾ ಕೋಟೆ ಗುಡ್ಡದ ಬಂಡೆ. ಮೊರ್ಜಿಂನಿಂದ ಇಳಿದು ಕೈಟ್ ಕಳ್ಕೊಂಡ್ರೆ ನೀವು ಹೋಗೋ ಊರು ಅದು.

ಹನ್ನೆರಡು_ಮೀಟರ್
ಇದು ನಂಗೆ ಹೊಳೆದೇ ಇರಲಿಲ್ಲ. ಉತ್ತರಕ್ಕಿರೋ ಮಾಂದ್ರೆಂ ಕಡೆ ಇಳಿದ್ರೆ?

ಪಂಪ್_ಹೊಡಿ
ಅದಕ್ಕಿಂತ ವಾಸಿ. ಗಾಳಿ ಒಯ್ಯೋ ಕಡೆ ಅಶ್ವೆಂ, ಮೊರ್ಜಿಂ ಅಂತ ಕಿಲೋಮೀಟರ್‌ಗಟ್ಟಲೆ ಮರಳು ಸಿಗುತ್ತೆ. ಮಧ್ಯದಲ್ಲಿ ಅಲ್ಲಲ್ಲಿ ಬಂಡೆ ಇದೆ, ಇಳಿತದಲ್ಲಿ ನಡೆದು ನೋಡ್ಕೊಂಡು ಬನ್ನಿ. ಆದ್ರೆ ಈ ಶನಿವಾರ ಅಲ್ಲ.

ಗಾಳಿಗೆ_ತೂರಿ
ಸರಿ ಸ್ವಾಮಿ, ನದಿ ಬಾಯಿ ವಿಚಾರ ಒಪ್ಕೊಂಡೆ. ಆದ್ರೆ ಬೇರೆಯವರು ಇಳಿದಿದ್ರೆ? ನಾಲ್ಕು ರಷ್ಯನ್ನರು ಅಲೆ ಮೇಲೆ ಹಾರ್ತಿದ್ರೆ ದಡದಲ್ಲಿ ಕೂರೋಕಾಗುತ್ತಾ?

ಮಲ್ಪೆ_ಬದಿಯವ
ಅವರ ಕೈಟ್ ಅಳತೆ ಕೇಳಿ, ತೂಕ ಕೇಳಿ, ಎಷ್ಟು ವರ್ಷದ ಅಭ್ಯಾಸ ಕೇಳಿ. ಅಷ್ಟು ಕೇಳಿ ಮುಗಿಸುವಾಗ ಕತ್ತಲೆ ಆಗ್ತದೆ, ಸಮಸ್ಯೆಯೇ ಇಲ್ಲ.

ಲೆಕ್ಕದ_ಮೇಷ್ಟ್ರು
ಮೇ ತಿಂಗಳಾದ್ದರಿಂದ ಇನ್ನೊಂದು. ಸಂಜೆ ನಾಲ್ಕರ ಮೇಲೆ ಆಗಾಗ ಬೆನ್ನ ಹಿಂದೆ ನೋಡಿ, ಪೂರ್ವಕ್ಕೆ, ಘಟ್ಟದ ಕಡೆ. ಕಪ್ಪು ಮೋಡ ಕಟ್ಟಿದ್ದು, ಸಮುದ್ರದ ಗಾಳಿ ಇದ್ದಕ್ಕಿದ್ದಂತೆ ನಿಂತಿತು ಅಂದರೆ ಮುಂದಿನದು ಮೂಡಣ ಗಾಳಿ, ಒಮ್ಮೆಲೇ, ದಡದಿಂದ ಸಮುದ್ರದ ಕಡೆಗೆ. ಗಾಳಿಯ ಬಲ ವೇಗದ ವರ್ಗಕ್ಕೆ ಏರುತ್ತದೆ: 12 ನಾಟ್ 18 ಆದರೆ ಎಳೆತ ಎರಡೂಕಾಲು ಪಟ್ಟು, 24 ಆದರೆ ನಾಲ್ಕು ಪಟ್ಟು. ಗಾಳಿ ಬಿದ್ದ ಗಳಿಗೆಯಲ್ಲೇ ದಡಕ್ಕೆ ಬಂದಿರಬೇಕು. ಸಿಡಿಲು ಬೇರೆ.

ವಾಸ್ಕೋ_ಧಾರವಾಡ
ಕರಾವಳಿ ಕಾವಲು ಪಡೆ ನಂಬರ್ 1554, ಇಲ್ಲಂದ್ರ 112. ದಡದಾಗ ಇರೂ ಗೆಳೆಯಾಗ ಇವೆರಡೂ ಗೊತ್ತಿರಲಿ. ಮತ್ತ ಜೂನ್ 1ರಿಂದ ಜುಲೈ 31ರ ತನಕಾ ಮೀನುಗಾರಿಕೆ ಬಂದ್, ಟ್ರಾಲರ್‌ಗಳೆಲ್ಲಾ ಜೆಟ್ಟಿಗೆ. "ಯಾವ್ದಾರ ಬೋಟ್ ನೋಡ್ತದ" ಅನ್ನೂ ಧೈರ್ಯಾ ಆ ಎರಡು ತಿಂಗಳು ಇಟಗೋಬ್ಯಾಡ್ರಿ.

ಹನ್ನೆರಡು_ಮೀಟರ್
ಸರಿ, ಶನಿವಾರ ಇಳಿಯಲ್ಲ. ಹೋಗಿ ಎಣಿಸಿಕೊಂಡು ಬರ್ತೀನಿ. ಅಲೆ ಕಲಿಯೋಕೆ ಇಲ್ಲಿ ಯಾವ ತಿಂಗಳು ವಾಸಿ?

ತೆರೆ_ಎಣಿಸುವವ
ಡಿಸೆಂಬರ್‌ನಿಂದ ಫೆಬ್ರವರಿ. ಅರಬ್ ಕಡೆಯ ಶಮಾಲ್ ಗಾಳಿ ಎಬ್ಬಿಸಿದ ಅಲೆ ವಾಯವ್ಯದಿಂದ ಬರುತ್ತೆ, ಅವಧಿ 6ರಿಂದ 8 ಸೆಕೆಂಡ್. ಗಿಡ್ಡ, ಗಡಿಬಿಡಿಯ ಅಲೆ, ಆದರೆ ಬಿದ್ದರೆ ಎತ್ತಿ ಒಗೆಯಲ್ಲ. 1ರಿಂದ ಒಮ್ಮೆಲೇ 1.8ಕ್ಕೆ ಹೋಗಬೇಡಿ, 1.2 ಆಗಲಿ, ಆಮೇಲೆ 1.4. ಅಲ್ಲಿವರೆಗೂ ಅರ್ಧ ಮೀಟರ್ ಅಲೆಯ ದಿನ ಬೇಕಂತಲೇ ಕೈಟ್ ಬೀಳಿಸಿ ಪೂರ್ತಿ ಸುತ್ತಿಕೊಂಡು ದಡ ಸೇರೋದು ಐದಾರು ಸಲ ಮಾಡಿ. ಮುಂಗೊಳವೆ ಗಟ್ಟಿ ಇದ್ದರೆ ಅದು ನಿಮ್ಮನ್ನು ಎಷ್ಟು ಹೊತ್ತು ಬೇಕಾದರೂ ಹೊತ್ತುಕೊಂಡಿರುತ್ತೆ.

ಹನ್ನೆರಡು_ಮೀಟರ್
ಅಂದಹಾಗೆ ಮುಂಗೊಳವೆ ಅಂದಾಗ ನೆನಪಾಯ್ತು. ನನ್ನ ಕೈಟ್‌ದು ಒಂದೂವರೆ ಎರಡು ಗಂಟೆಗೆ ಸ್ವಲ್ಪ ಮೆತ್ತಗಾಗುತ್ತೆ. ಅದೇನು ದೊಡ್ಡ ವಿಷಯ ಅಲ್ಲ ಅಲ್ವಾ? ಮಧ್ಯೆ ಬಂದು ನಾಲ್ಕು ಪಂಪ್ ಹೊಡೆದ್ರೆ ಸರಿ ಹೋಗುತ್ತೆ.

ಪಂಪ್_ಹೊಡಿ
ಬೇಡ.

ತೆರೆ_ಎಣಿಸುವವ
ಅಯ್ಯೋ ದೇವರೇ. ಇದನ್ನು ಮೊದಲನೇ ಸಾಲಲ್ಲಿ ಬರೀಬಾರದಿತ್ತಾ!

ಗಾಳಿಗೆ_ತೂರಿ
ಇದಕ್ಕೆ ನಾನೂ ಬೇಡ ಅಂತೀನಿ ಗುರು. ದೋಣಿಗೇ ತೂತು.

ವಾಸ್ಕೋ_ಧಾರವಾಡ
ಮೆತ್ತಗಾದ ಕೊಳವಿ ಅಲೆ ಹೊಡೆತಕ್ಕ ಮಡಚತದ, ಮಡಚಿದ ಕೈಟ್ ಏಳೂದಿಲ್ಲ. ಮೊದಲ ಇದನ್ನ ಸರಿ ಮಾಡ್ರಿ. ಕೈಟ್ 6–8 ಪಿಎಸ್ಐಗೆ ಗಟ್ಟಿ ತುಂಬಿ, ಬಟ್ಟಲದಾಗ ಸೋಪು ನೀರು ಕಲಿಸಿ, ಸ್ಪಂಜಿಲೆ ವಾಲ್ವ್ ಸುತ್ತ, ಸ್ಟ್ರಟ್‌ಗೆ ಹೋಗೂ ಪೈಪ್‌ನ ಕ್ಲಿಪ್ಪಿಗೆ ಹಚ್ಚಿ ನೋಡ್ರಿ. ಅರ್ಧಕ್ಕರ್ಧ ಸಲ ತೂತಲ್ಲ, ಕ್ಲಿಪ್ ಸಡಿಲ ಇರ್ತದ. ಅಲ್ಲಿ ಗುಳ್ಳಿ ಬರಲಿಲ್ಲಂದ್ರ ಒಳಗಿನ ಗಾಳಿ ಚೀಲ ಬ್ಲಾಡರ್ ಹೊರಗ ತಗೀರಿ. ತಗಿಯೂ ಮೊದಲ ಎರಡೂ ತುದಿಗೆ ಉದ್ದನ ದಾರಾ ಕಟ್ರಿ, ಇಲ್ಲಂದ್ರ ವಾಪಸ್ ಎಳಕೊಳ್ಳಾಕ ಒದ್ದಾಡ್ತೀರಿ. ಬಕೆಟ್ ನೀರಾಗ ಅದ್ದಿ ತೂತು ಹುಡುಕಿ ಪೆನ್ನಿಲೆ ಗುರ್ತು ಹಾಕ್ರಿ, ಒಣಗಿಸಿ ಐಸೊಪ್ರೊಪೈಲ್ ಆಲ್ಕೊಹಾಲಿಲೆ ಒರಸಿ ಪ್ಯಾಚ್ ಹಚ್ಚಿ 24 ತಾಸು ಬಿಡ್ರಿ. ಫೆವಿಕ್ವಿಕ್ ಹಚ್ಚಬ್ಯಾಡ್ರಿ, ಗಡುಸಾಗಿ ಸೀಳತದ. ಒಳಗ ಹಾಕೂ ಮುಂದ ಟಾಲ್ಕಮ್ ಪೌಡರ್ ಬಡೀರಿ, ತಿರುಚಿಕೊಳ್ಳೂದಿಲ್ಲ.

ಹನ್ನೆರಡು_ಮೀಟರ್
ಈಗಷ್ಟೇ ಬಾಲ್ಕನಿಯಲ್ಲಿ ಸೋಪು ನೀರು ಹಚ್ಚಿ ನೋಡಿದೆ. ಕ್ಲಿಪ್ ಎಲ್ಲ ಸರಿ ಇದೆ. ಗುಳ್ಳೆ ಬರ್ತಿರೋದು ದೊಡ್ಡ ವಾಲ್ವ್ ಬುಡದಿಂದ, ಅರ್ಧ ಸುತ್ತು ಅಂಟು ಬಿಟ್ಟಿದೆ.

ವಾಸ್ಕೋ_ಧಾರವಾಡ
ಹಂಗಾರ ಪ್ಯಾಚ್ ನಡಿಯೂದಿಲ್ಲ, ವಾಲ್ವ್ ಹೊಸಾದು ಬೇಕು. ಬುಡದ ಅಡ್ಡಗಲ ಅಳದು ಫೋಟೋ ಹಾಕ್ರಿ, ಯಾವ ಅಳತಿದು ಅಂತ ಹೇಳ್ತೀನಿ.